ಹಾಸಿಗೆ ಇದ್ದಷ್ಟು

ಐದು ಕೋಣೆಯವರೆಗೆ ಮನೆ,
ಆರನೆಯದು ಬಂದರೆ ಹೋಟೆಲು.
ಹೀಗೆಂದು ಸುತ್ತೋಲೆ ಬಂದ ಮಂಗಳವಾರ
ಪಿಡಿಓ ಮೇಡಂ ನನ್ನ ಕೈಗೆ ಟೇಪು ಕೊಟ್ಟರು.
ಮೂವತ್ತು ಮೀಟರಿನದು,
ತುದಿಯ ಎರಡಂಗುಲ ಎಂದೋ ಹರಿದು ಹೋದದ್ದು.
ಅಳೆದಾಗಲೆಲ್ಲ ಅಷ್ಟನ್ನು ಕಳೆದು ಬರೆಯಬೇಕು,
ಮರೆತರೆ ಊರಿನ ಗೋಡೆಗೋಡೆಯೂ
ಎರಡಂಗುಲ ಉದ್ದ.

ನಾನು ಬಿಲ್ ಕಲೆಕ್ಟರ್ ತೀರ್ಥೇಶ.
ಕೈಮರದ ಚೆಕ್‌ಪೋಸ್ಟು ದಾಟಿ ಮೇಲಕ್ಕೆ
ಯಾರ ಕಂದಾಯ ಎಷ್ಟು ವರ್ಷದ್ದು ಬಾಕಿ,
ಯಾರ ನಾಯಿ ಬೊಗಳುತ್ತದೆ, ಯಾರದು ಸುಮ್ಮನೆ ಕಚ್ಚುತ್ತದೆ,
ಎಲ್ಲ ಬಾಯಿಪಾಠ.

ಮೂರು ದಿನ ಅಳೆದೆ. ಎಲ್ಲರದ್ದೂ ಐದೇ.
ಪಾಂಡವರು ವನವಾಸಕ್ಕೆ ಬಂದವರು
ತಲೆಗೊಂದರಂತೆ ಕಟ್ಟಿಸಿಕೊಂಡ ಹಾಗೆ
ಐದು, ಐದು, ಐದು.

ಹಾಲಪ್ಪಗೌಡರ 'ಮಿಸ್ಟಿ ನೆಸ್ಟ್'ನಲ್ಲಿ
ಬೀರುವಿನ ಹಿಂದೊಂದು ಬಾಗಿಲಿತ್ತು.
"ಅದು ದೇವರ ಕೋಣೆ ಮಾರಾಯ" ಅಂದರು.
ದೇವರಿಗೆ ಏಸಿ ಇತ್ತು.
ಗುಂಡಿ ಒತ್ತಿದರೆ ಬಿಸಿನೀರಿತ್ತು.
ಕಿಟಕಿಯಲ್ಲಿ ಒಣಗುತ್ತಿತ್ತು ದೇವರ ಈಜುಡುಗೆ.

ಹೋದ ತಿಂಗಳು ಚಿಕ್ಕಮಗಳೂರಿನ ಸಭಾಂಗಣದಲ್ಲಿ
ಪರದೆಯ ಮೇಲೊಂದು ಹಸಿರು ಬಾಣ
ಓರೆಯಾಗಿ ಏರುತ್ತಾ ಚೌಕಟ್ಟಿನಾಚೆ ಹೋಯಿತು.
ಬೆಳವಣಿಗೆ ಅಂದರು. ಯಾವುದರದು ಅಂತ ಕೇಳೋಣವೆನ್ನುವಷ್ಟರಲ್ಲಿ
ಗೋಡಂಬಿಯ ತಟ್ಟೆ ನನ್ನ ಸಾಲಿಗೆ ಬಂತು.
ನಮ್ಮಲ್ಲೂ ಒಂದು ಬಾಣ ಉಂಟು ಸಾರ್:
ಶನಿವಾರ ಸಂಜೆ ನಾಲ್ಕಕ್ಕೆ
ಓವರ್‌ಹೆಡ್ ಟ್ಯಾಂಕಿನ ಗೋಡೆಯ ಮೇಲೆ
ನೀರಿನ ಗೆರೆ ಇಳಿಯುತ್ತದಲ್ಲ,
ಅದು. ಅದೂ ಓರೆಯೇ.

ಕೋಣೆ ಸುಳ್ಳು ಹೇಳುತ್ತದೆ, ಬೆಡ್‌ಶೀಟು ಹೇಳುವುದಿಲ್ಲ.
ಜಲಜಾಕ್ಷಿಯ ತಂತಿಯ ಮೇಲೆ ಸೋಮವಾರ ಎಣಿಸಿದೆ:
ಗೌಡರ ಗುರುತಿನ ನೀಲಿ ಅಂಚಿನವು ಇಪ್ಪತ್ತಾರು.
ಕಂತಿನಲ್ಲಿ ತಂದ ವಾಷಿಂಗ್ ಮೆಷಿನ್ನು
ಅವಳ ಬೆನ್ನ ಹಿಂದೆ ಹೂಂಕರಿಸುತ್ತಿತ್ತು.
"ಎಣಿಸು ಎಣಿಸು. ದಿಂಬಿನ ಚೀಲ ಬಿಟ್ಟೆಯಲ್ಲ.
ನೀನು ಬರೆದು, ಅವರು ಬೀಗ ಹಾಕಿದರೆ
ಇದರ ಕಂತು ಯಾರು, ನಿನ್ನ ಸುತ್ತೋಲೆ ಕಟ್ಟುತ್ತದಾ?"
ನಾನೇನು ಹೇಳಲಿ.
ಅವಳ ನಲ್ಲಿಗೆ ನೀರು ಬಂದು ನಾಲ್ಕು ದಿನವಾಗಿತ್ತು,
ಟ್ಯಾಂಕರಿಗೆ ಅವಳದೇ ದುಡ್ಡು.
ಅದನ್ನೂ ಹೇಳಲಿಲ್ಲ.

ಆರು ಅಂತಲೇ ಬರೆದೆ.
ಪೆನ್ನು ಎರಡು ಸಲ ನಿಂತಿತು.
ಇಳಿಜಾರಿನ ತಿರುವಿಗೆ ಬರುವಷ್ಟರಲ್ಲೇ ಮೆಂಬರ್ ಫೋನು:
"ಒಂಬತ್ತನ್ನು ತಲೆಕೆಳಗೆ ಓದಿದ್ದೀಯೇನೋ?"
ಒಂಬತ್ತೂ ಇರಬಹುದು ಸಾರ್, ಅಂದೆ,
ಇನ್ನೂ ಎರಡು ಬೀರು ಇದ್ದವು.

ಕೊನೆಗೆ ಉಳಿದದ್ದು ಸಫೂರಾಬಿಯ ಮನೆ.
ಇರುವುದು ಒಂದೇ ಕೋಣೆ, ಒಂದು ಅಡುಗೆಮನೆ.
ಬೋರ್ಡಿಲ್ಲ. ಗೇಟಿನ ಮೇಲೆ
ಸುಣ್ಣದಲ್ಲಿ ಬರೆದ ಫೋನ್ ನಂಬರು.
"ಬರಕೊಳ್ಳಿ, ಮುಚ್ಚಿಡಲು ನನ್ನ ಹತ್ತಿರ ಬೀರುವೇ ಇಲ್ಲ.
ಗೆಸ್ಟ್ ಬಂದ ರಾತ್ರಿ ಮಂಚ ಅವರದು,
ನಾನು ಒಲೆ ಪಕ್ಕ.
ಆ ಹೊತ್ತಿಗೆ ಇದು ಮನೆಯೋ, ಹೋಟೆಲೋ?
ಕರೆಂಟಿನವರು ಹೋಟೆಲು ಅಂತಾರೆ,
ರೇಷನ್ನಿನವರು ಮನೆ ಅಂತಾರೆ,
ನೀವು?"

ನಮೂನೆಯಲ್ಲಿ ಒಂಬತ್ತನೇ ಕಾಲಂ:
ಮಾಲೀಕರ ವಾಸ, ಹೌದು / ಇಲ್ಲ.
ನಡುವಿನ ಗೆರೆಯ ಮೇಲೆ ಟಿಕ್ಕು ಹಾಕಿದೆ.
ನಾಳೆ ಆಫೀಸಿನ ಕಂಪ್ಯೂಟರು
ಅದನ್ನು ಉಗುಳುತ್ತದೆ, ಗೊತ್ತು.

ಹೊರಡುವಾಗ ಏನನಿಸಿತೋ,
ಒಲೆ ಪಕ್ಕ ಸುತ್ತಿಟ್ಟ ಚಾಪೆ ಬಿಡಿಸಿ
ಟೇಪು ಹಿಡಿದೆ.
ಆಕೆ ನಕ್ಕಳು, ಇದಕ್ಕೂ ಟ್ಯಾಕ್ಸಾ?
ಐದಡಿ ನಾಲ್ಕಂಗುಲ.
ಎರಡಂಗುಲ
ಕಳೆಯಲಿಲ್ಲ.